ಮನೆಬಾಗಿಲಿಗೆ ಬರುವ ಓದು

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ಕಳೆದ ತಿಂಗಳು ನಮ್ಮ ಶಾಲೆಗೆ ದಯಮಾಡಿಸಿ, ಈ ವರ್ಷದ ಉತ್ಸವದಲ್ಲಿ ನಾನೊಂದು ಉಪನ್ಯಾಸ ಮಾಡಬೇಕೆಂದು ಕೇಳಿಕೊಂಡರು. ಕನ್ನಡ ಪಂಡಿತನಾದ ನಾನು ಷಟ್ಪದಿಯ ಲಕ್ಷಣವನ್ನೋ ಮಂಜೇಶ್ವರದ ಗೋವಿಂದ ಪೈಗಳ ಸಂಶೋಧನೆಯನ್ನೋ ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ಅಂತರಜಾಲದ ತಾಣಗಳನ್ನು ಕ್ರಮವಾಗಿ ಓದುವ ಒಂದು ಉಪಾಯದ ಕುರಿತು ಮಾತಾಡುತ್ತೇನೆಂದಾಗ ಅವರು ಒಂದು ಕ್ಷಣ ಸುಮ್ಮನಾದರು. "ಪಂಡಿತರಿಗೂ ಕಂಪ್ಯೂಟರಿಗೂ ಏನು ನಂಟು?" ಎಂಬ ಪ್ರಶ್ನೆ ಅವರ ತುಟಿಯವರೆಗೆ ಬಂದು ಮರಳಿತೆಂದು ತೋರುತ್ತದೆ. ನಂಟು ಉಂಟು, ಬಂಧುಗಳೇ. ಅದು ಕುತೂಹಲದಿಂದ ಹುಟ್ಟಿದ ನಂಟಲ್ಲ, ಒಂದು ನೋವಿನಿಂದ ಹುಟ್ಟಿದುದು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಂದೆಯಿಲ್ಲ, ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು. ಮಗು ಬಹಳ ಚುರುಕು. ಹಳಗನ್ನಡದ ಪದ್ಯವನ್ನು ಬಿಡಿಸಿ ಅನ್ವಯಿಸುವುದರಲ್ಲಿ ಅವಳಿಗೆ ಸರಿಗಟ್ಟುವವರು ತರಗತಿಯಲ್ಲಿರಲಿಲ್ಲ. ಮುಂದಿನ ಓದಿಗೆ ಒಂದು ವಿದ್ಯಾರ್ಥಿವೇತನವುಂಟೆಂದೂ, ಅದರ ಪ್ರಕಟಣೆ ಒಂದು ಕಚೇರಿಯ ಜಾಲತಾಣದಲ್ಲಿ ಮಾತ್ರ ಬರುವುದೆಂದೂ ನನಗೆ ತಿಳಿದಿತ್ತು. "ನೀನು ಓದು, ಅರ್ಜಿಯ ಚಿಂತೆ ನನಗಿರಲಿ" ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಆಗ ನನ್ನ ಜೇಬಿನ ಪುಸ್ತಕದಲ್ಲಿ ಏಳು ಜಾಲತಾಣಗಳ ವಿಳಾಸಗಳಿದ್ದವು. ಪ್ರತಿ ಶನಿವಾರ ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದನ್ನೇ ತೆರೆದು, ಹೊಸತೇನಾದರೂ ಉಂಟೋ ಎಂದು ನೋಡುವುದು ನನ್ನ ಪದ್ಧತಿ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ಗಡಿಬಿಡಿಯಲ್ಲಿ ಎರಡು ಶನಿವಾರಗಳು ತಪ್ಪಿಹೋದವು. ಮೂರನೆಯ ಶನಿವಾರ ನೋಡುವಾಗ ಪ್ರಕಟಣೆ ಬಂದಿತ್ತು. ಅರ್ಜಿಯ ಕೊನೆಯ ದಿನ ಕಳೆದು ಮೂರು ದಿನಗಳಾಗಿದ್ದವು.

ಆ ಸಂಜೆ ಅವಳ ಮನೆಗೆ ಹೋಗಿ ವಿಷಯ ತಿಳಿಸಿದೆ. ತಾಯಿ ಮೊರದಿಂದ ತಲೆಯೆತ್ತದೆ, "ಇರಲಿ ಮಾಷ್ಟ್ರೇ, ಅವಳ ಹಣೆಯಲ್ಲಿ ಬರೆದಿರಲಿಲ್ಲ" ಎಂದಳು. ಹಣೆಯಲ್ಲಿ ಏನು ಬರೆದಿತ್ತೋ ನಾನರಿಯೆ. ಜಾಲತಾಣದಲ್ಲಂತೂ ಸ್ಪಷ್ಟವಾಗಿ ಬರೆದಿತ್ತು, ಓದಬೇಕಾದವನು ಓದಿರಲಿಲ್ಲ. ತಪ್ಪು ಕಚೇರಿಯದಲ್ಲ, ನನ್ನದು.

ಅದೇ ವರ್ಷ ದೀಪಾವಳಿಗೆ, ಮಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಅವನಲ್ಲಿ ಈ ಸಂಕಟವನ್ನು ತೋಡಿಕೊಂಡೆ. ಅವನು ನನ್ನ ಜೇಬಿನ ಪುಸ್ತಕವನ್ನು ತಿರುವಿ ನೋಡಿ, "ಮಾಷ್ಟ್ರೇ, ನೀವು ಏಳು ಮನೆಯ ಬಾಗಿಲಿಗೆ ಯಾಕೆ ಹೋಗುತ್ತೀರಿ? ಅವರೇ ನಿಮ್ಮಲ್ಲಿಗೆ ಬರುವ ಹಾಗೆ ಮಾಡಬಹುದಲ್ಲ?" ಎಂದ. ಅರ್ಧ ಗಂಟೆಯಲ್ಲಿ ಮಾಡಿಯೂ ತೋರಿಸಿದ. ಏಳು ತಾಣಗಳ ಪೈಕಿ ಐದರಲ್ಲಿ ಆ ಸೌಕರ್ಯವಿತ್ತು. ಆ ಕಚೇರಿಯ ತಾಣದಲ್ಲಿಯೂ ಇತ್ತು. ಅದು ಅಲ್ಲಿಯೇ ಇದ್ದುದು, ನನ್ನ ಕಣ್ಣೆದುರಿಗೇ ಇದ್ದುದು, ನನಗೆ ತಿಳಿಯದೆ ಹೋದುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಇನ್ನೊಬ್ಬ ಉಪಾಧ್ಯಾಯನಿಗೆ, ಇನ್ನೊಂದು ಮನೆಗೆ ಹಾಗಾಗದಿರಲೆಂಬುದೇ ಈ ಮಾತಿನ ಉದ್ದೇಶ.

ಆ ಸೌಕರ್ಯಕ್ಕೆ ಇಂಗ್ಲಿಷಿನಲ್ಲಿ 'ಫೀಡ್' ಎಂದು ಹೆಸರು. ಫೀಡ್ ಎಂದರೆ ಉಣಿಸುವುದು. ನಮ್ಮ ಭಾಷೆಯಲ್ಲಿ 'ಊಡು' ಎಂಬ ಹಳೆಯ ಧಾತುವುಂಟು. 'ನೀರೂಡಿಸು' ಎಂಬಲ್ಲಿ ಅದು ಇಂದಿಗೂ ಜೀವಂತವಾಗಿದೆ. ತೋಟಕ್ಕೆ ನೀರೂಡಿಸುವ ನಮಗೆ ಈ ಹೆಸರು ಅಪರಿಚಿತವಾಗಬೇಕಾಗಿಲ್ಲ. ಆದರೂ ಲೋಕರೂಢಿಯನ್ನನುಸರಿಸಿ ಫೀಡ್ ಎಂದೇ ಹೇಳುತ್ತೇನೆ. ಇದರ ಪ್ರಸಿದ್ಧವಾದ ಬಗೆಗೆ ಆರ್.ಎಸ್.ಎಸ್. ಎಂದು ಹೆಸರು. ಈ ಮೂರಕ್ಷರಗಳನ್ನು ಕೇಳಿದೊಡನೆ ಸಭಿಕರಲ್ಲಿ ಕೆಲವರು ನೆಟ್ಟಗೆ ಕುಳಿತುದನ್ನು ಗಮನಿಸಿದೆ. ಇದಕ್ಕೂ ಆ ಹೆಸರಿನ ಸಂಘಟನೆಗೂ ಯಾವ ಸಂಬಂಧವೂ ಇಲ್ಲ, ಅಕ್ಷರಸಾಮ್ಯವಷ್ಟೆ. ಈ ಮೂರಕ್ಷರಗಳನ್ನು ಬೇರೆ ಬೇರೆಯವರು ಬೇರೆ ಬೇರೆ ವಿಧವಾಗಿ ಬಿಡಿಸಿದ್ದಾರೆ. 'ರಿಯಲಿ ಸಿಂಪಲ್ ಸಿಂಡಿಕೇಶನ್', ಎಂದರೆ ನಿಜವಾಗಿಯೂ ಸರಳವಾದ ಹಂಚಿಕೆ, ಎಂಬುದು ಈಗ ಹೆಚ್ಚು ಬಳಕೆಯಲ್ಲಿದೆ.

ಇದರ ಸ್ವರೂಪವನ್ನು ತಿಳಿಯಲು ನಮ್ಮ ಊರಿನ ಸುರಂಗಗಳನ್ನು ನೆನೆಯಬೇಕು. ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಹಿರಿಯರು ಕೊರೆದ ಸುರಂಗಗಳನ್ನು ತಾವೆಲ್ಲರೂ ಕಂಡಿದ್ದೀರಿ. ನೀರು ಬೇಕಾದವನು ಕೊಡ ಹೊತ್ತು ಗುಡ್ಡ ಹತ್ತಲಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಒಂದು ದಾರಿ ಮಾಡಿದ. ನೀರು ತಾನಾಗಿ ಜಿನುಗಿ, ಅಡಕೆಮರದ ದಂಬೆಯಲ್ಲಿ ಹರಿದು, ಅಂಗಳದ ತೊಟ್ಟಿಗೆ ಬಂದು ಬಿದ್ದಿತು. ಕೊರೆಯುವ ಕಷ್ಟ ಒಂದು ಸಲ. ಆಮೇಲೆ ಪಂಪು ಬೇಡ, ಕೊಡವೂ ಬೇಡ. ಫೀಡ್ ಎಂಬುದೂ ಹಾಗೆಯೇ. ತಾಣವೊಂದು ಗುಡ್ಡ, ಫೀಡ್ ಅದರ ಸುರಂಗ, ನಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ 'ಫೀಡ್ ರೀಡರ್', ಎಂದರೆ ಓದುಗೆ ತಂತ್ರಾಂಶ, ಅಂಗಳದ ತೊಟ್ಟಿ.

ಒಳಗಿನ ಕ್ರಮವೂ ಕಠಿನವಾದುದಲ್ಲ. ಜಾಲತಾಣದವರು ತಮ್ಮ ಪುಟಗಳಲ್ಲದೆ ಒಂದು ಸಣ್ಣ ಕಡತವನ್ನೂ ಇರಿಸುತ್ತಾರೆ. ಅದರಲ್ಲಿ ಬಣ್ಣವಿಲ್ಲ, ಅಲಂಕಾರವಿಲ್ಲ. ಇತ್ತೀಚೆಗೆ ಪ್ರಕಟವಾದ ಒಂದೊಂದು ಬರಹಕ್ಕೂ ಅದರ ಶೀರ್ಷಿಕೆ, ವಿಳಾಸ, ಸಾರಾಂಶ ಅಥವಾ ಪೂರ್ಣಪಾಠ, ಪ್ರಕಟವಾದ ದಿನ ಮತ್ತು ಒಂದು ಗುರುತಿನ ಚಿಹ್ನೆ, ಇವಿಷ್ಟೆ ಅದರಲ್ಲಿರತಕ್ಕವು. ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳ ಪಟ್ಟಿಯನ್ನು ಬಾಗಿಲಲ್ಲಿ ತೂಗುಹಾಕುತ್ತಾರಲ್ಲವೆ, ಅದರಂತೆ. ನಮ್ಮ ಓದುಗೆ ತಂತ್ರಾಂಶವು ಗಂಟೆಗೊಮ್ಮೆಯೋ ದಿನಕ್ಕೆರಡು ಸಲವೋ ಹೋಗಿ ಆ ಪಟ್ಟಿಯನ್ನು ನೋಡಿ ಬರುತ್ತದೆ. ಹಿಂದೆ ಕಂಡ ಗುರುತುಗಳನ್ನು ಬಿಟ್ಟು ಹೊಸ ಗುರುತುಗಳನ್ನು ಮಾತ್ರ ನಮ್ಮ ಮುಂದಿಡುತ್ತದೆ. "ಹಿಂದಿನ ಸಲ ನಾನು ನೋಡಿದ ಮೇಲೆ ಏನಾದರೂ ಬದಲಾಗಿದೆಯೆ?" ಎಂದು ಅದು ಕೇಳಿದರೆ, ತಾಣವು "ಇಲ್ಲ" ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ಏರ್ಪಾಡೂ ಉಂಟು. ಆದುದರಿಂದ ಫೋನಿನ ಡೇಟಾ ಖರ್ಚು ತೀರ ಕಡಮೆ. ಈ ಕಡತದ ಭಾಷೆಯಾದ ಎಕ್ಸ್.ಎಂ.ಎಲ್. ಯೂನಿಕೋಡನ್ನು ಆಧರಿಸಿರುವುದರಿಂದ ನಮ್ಮ ಕನ್ನಡಾಕ್ಷರಗಳು ಅದರಲ್ಲಿ ಯಾವ ತೊಡಕೂ ಇಲ್ಲದೆ ಸಾಗುತ್ತವೆ.

ಇದರ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಏಕೆಂದರೆ ಅದರಲ್ಲಿ ನಮಗೊಂದು ಪಾಠವಿದೆ. 1999ರ ಮಾರ್ಚಿಯಲ್ಲಿ ಅಮೆರಿಕೆಯ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಇದರ ಮೊದಲ ರೂಪ ಹೊರಟಿತು. ಅದನ್ನು ರೂಪಿಸಿದವರು ಡಾನ್ ಲಿಬ್ಬಿ ಮತ್ತು ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ರಾಮನಾಥನ್ ಗುಹಾ. ಆ ಸಂಸ್ಥೆ ಅದನ್ನು ಕೈಬಿಟ್ಟಾಗ ಡೇವ್ ವೈನರ್ ಎಂಬವರು ಮುಂದುವರಿಸಿದರು. ಇಂದಿಗೂ ಬಳಕೆಯಲ್ಲಿರುವ 2.0 ಎಂಬ ಆವೃತ್ತಿ 2002ರಲ್ಲಿ ಬಂದಿತು. ನಡುವೆ, 2000ದ ಡಿಸೆಂಬರಿನಲ್ಲಿ, ಇನ್ನೊಂದು ಗುಂಪು 1.0 ಎಂಬ ಬೇರೊಂದು ರೂಪವನ್ನು ಹೊರಡಿಸಿತು. ಆ ಗುಂಪಿನಲ್ಲಿ ಆರನ್ ಸ್ವಾರ್ಟ್ಜ್ ಎಂಬ ಹುಡುಗನಿದ್ದ. ಅವನಿಗಾಗ ಹದಿನಾಲ್ಕು ವರ್ಷ. ನನ್ನ ಮುಂದೆ ಕುಳಿತಿರುವ ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ಗಮನಿಸಬೇಕು. 2005ರ ಡಿಸೆಂಬರಿನಲ್ಲಿ 'ಆಟಮ್' ಎಂಬ ಇನ್ನೊಂದು ಬಗೆಯೂ ಅಂತರಜಾಲದ ಮಾನಕವಾಗಿ ಪ್ರಕಟವಾಯಿತು. ಈಗಿನ ಓದುಗೆ ತಂತ್ರಾಂಶಗಳು ಇವೆಲ್ಲವನ್ನೂ ಭೇದವೆಣಿಸದೆ ಓದುತ್ತವೆ.

ಪಾಠವೆಂದೆನಲ್ಲ, ಅದು ಇದು. 2005ರಲ್ಲಿ ಗೂಗಲ್ ಸಂಸ್ಥೆ 'ಗೂಗಲ್ ರೀಡರ್' ಎಂಬ ಓದುಗೆಯನ್ನು ಧರ್ಮಾರ್ಥವಾಗಿ ಒದಗಿಸಿತು. ಬಹು ಜನರು ಅದನ್ನೇ ನೆಚ್ಚಿದರು. 2013ರ ಜುಲೈ 1ರಂದು ಸಂಸ್ಥೆ ಅದನ್ನು ಮುಚ್ಚಿತು. ಫೀಡುಗಳ ಕಾಲವೇ ಮುಗಿಯಿತೆಂದು ಅನೇಕರು ಬರೆದರು. ಮುಗಿಯಲಿಲ್ಲ. ಮುಚ್ಚಿದುದು ಒಂದು ತೊಟ್ಟಿ ಮಾತ್ರ. ಸುರಂಗಗಳು ಹಾಗೆಯೇ ಹರಿಯುತ್ತಿದ್ದವು. ಓದುಗರು ತಮ್ಮ ತಾಣಗಳ ಪಟ್ಟಿಯನ್ನು ಒಂದು ಕಡತದಲ್ಲಿ ಕಟ್ಟಿಕೊಂಡು ಬೇರೆ ಓದುಗೆಗಳಿಗೆ ಹೋದರು. ಆ ಕಡತಕ್ಕೆ ಓ.ಪಿ.ಎಂ.ಎಲ್. ಎಂದು ಹೆಸರು. ಫೀಡ್ ಯಾವನೊಬ್ಬನ ಸ್ವತ್ತೂ ಅಲ್ಲ. ಅದು ಎಲ್ಲರೂ ಒಪ್ಪಿಕೊಂಡ ಒಂದು ಬರಹದ ಕ್ರಮ. ಲಿಪಿಯು ಹೇಗೆ ಯಾರ ಸೊತ್ತೂ ಅಲ್ಲವೋ ಹಾಗೆ.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನವನಿಗೂ ಮೈಸೂರಿನವನಿಗೂ ಇದು ಒಂದು ಅನುಕೂಲ; ನಮಗಾದರೋ ಅನುಕೂಲಕ್ಕಿಂತ ಮಿಗಿಲಾದುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಓದು ಎರಡು ದಾರಿಗಳಲ್ಲಿ ಬರಬೇಕಾಗಿದೆ. ಆಡಳಿತದ ವಾರ್ತೆ ತಿರುವನಂತಪುರದಿಂದ. ನುಡಿಯ ವಾರ್ತೆ ಗಡಿಯಾಚೆಯಿಂದ. ಎರಡೂ ನಮಗೆ ಬೇಕು. ಒಂದನ್ನು ಬಿಟ್ಟರೆ ಹೊಟ್ಟೆಗೆ ಕಷ್ಟ, ಇನ್ನೊಂದನ್ನು ಬಿಟ್ಟರೆ ಮನಸ್ಸಿಗೆ ಕಷ್ಟ. ನಮ್ಮ ಮಕ್ಕಳು ಕೈಯಲ್ಲಿ ಹಿಡಿದ ಫೋನು ಇವೆರಡನ್ನೂ ತಾನಾಗಿ ಕೊಡುವುದಿಲ್ಲ. ಅದನ್ನು ತೆರೆದೊಡನೆ ಎದುರಾಗುವ ಸುದ್ದಿಯ ಸಾಲನ್ನು ಆರಿಸುವುದು ದೂರದ ಯಾವುದೋ ಯಂತ್ರದ ಲೆಕ್ಕಾಚಾರ. ನಾವಿರುವ ಸ್ಥಳ, ನಾವು ಹೆಚ್ಚು ಹೊತ್ತು ನೋಡಿದ ಚಿತ್ರ, ನೆರೆಯವರು ಮೆಚ್ಚಿದ ಮಾತು, ಇವುಗಳನ್ನು ಕೂಡಿಸಿ ಕಳೆದು ಅದು ನಮಗೆ ಬಡಿಸುತ್ತದೆ. ಕೋಟಿ ಜನ ನೋಡುವುದು ಮೇಲೆ ಬರುತ್ತದೆ. ನೂರು ಜನ ಓದುವ ಗಡಿನಾಡಿನ ಕನ್ನಡ ಬರಹ ಅಡಿಗೆ ಹೋಗುತ್ತದೆ. ಅದರಲ್ಲಿ ದ್ವೇಷವಿಲ್ಲ, ನಮ್ಮ ಗುರುತೂ ಇಲ್ಲ. ಆದರೆ ಫೀಡಿನಲ್ಲಿ ಬಡಿಸುವವರು ನಾವೇ. ನಾವು ಆರಿಸಿದ ತಾಣ, ಅದು ಪ್ರಕಟಿಸಿದ ಕ್ರಮದಲ್ಲಿಯೇ, ಒಂದೂ ತಪ್ಪದೆ ಬರುತ್ತದೆ. ನೂರು ಜನ ಓದುವ ಬರಹಕ್ಕೂ ಕೋಟಿ ಜನ ಓದುವುದಕ್ಕೂ ಅಲ್ಲಿ ಒಂದೇ ಪಂಕ್ತಿ. ಸಂಖ್ಯೆಯಲ್ಲಿ ಅಲ್ಪರಾದ ನಮಗೆ ಈ ಪಂಕ್ತಿಭೇದವಿಲ್ಲದ ಊಟದ ಬೆಲೆ ಏನೆಂದು ನಾನು ವಿವರಿಸಬೇಕಾಗಿಲ್ಲ.

ಇನ್ನೊಂದು ಗುಣವುಂಟು. ಪತ್ರಿಕೆಗೆ ಚಂದಾದಾರರಾದರೆ ಹೆಸರು, ವಿಳಾಸ ಕೊಡಬೇಕು. ಮಿಂಚಂಚೆಯಲ್ಲಿ ತರಿಸಿಕೊಂಡರೂ ನಮ್ಮ ವಿಳಾಸವನ್ನೊಪ್ಪಿಸಬೇಕು. ಫೀಡಿಗಾದರೋ ತಾಣದವರಿಗೆ ನಮ್ಮ ಹೆಸರನ್ನು ಹೇಳಬೇಕಾಗಿಲ್ಲ. ಬೇಡವಾದ ದಿನ ಪಟ್ಟಿಯಿಂದ ಅಳಿಸಿದರೆ ಮುಗಿಯಿತು. ಯಾರ ಅಪ್ಪಣೆಯೂ ಬೇಡ.

ಈಗ ಮಾಡುವ ಕ್ರಮ. ಮೊದಲು ಒಂದು ಓದುಗೆಯನ್ನು ಆರಿಸಿಕೊಳ್ಳಬೇಕು. ಆಂಡ್ರಾಯ್ಡ್ ಫೋನಿಗೆ 'ಫೀಡರ್' ಎಂಬುದು, ಐಫೋನಿಗೆ 'ನೆಟ್‌ನ್ಯೂಸ್‌ವೈರ್' ಎಂಬುದು ಉಚಿತವಾಗಿ ದೊರೆಯುತ್ತವೆ. ಕಂಪ್ಯೂಟರಿನಲ್ಲಿ ಮಿಂಚಂಚೆಯ ತಂತ್ರಾಂಶವಾದ 'ಥಂಡರ್‌ಬರ್ಡ್' ಫೀಡುಗಳನ್ನೂ ಓದುತ್ತದೆ. ಖಾತೆ ತೆರೆದು ಬಳಸುವ 'ಫೀಡ್ಲಿ', 'ಇನೋರೀಡರ್' ಎಂಬವೂ ಉಂಟು; ಮಿತಿಯೊಳಗೆ ಅವೂ ಉಚಿತ. ಆಮೇಲೆ ಮೆಚ್ಚಿನ ತಾಣದ ವಿಳಾಸವನ್ನು ಓದುಗೆಯೊಳಗೆ ಬರೆದರೆ ಅನೇಕ ವೇಳೆ ಫೀಡನ್ನು ಅದೇ ಹುಡುಕಿಕೊಳ್ಳುತ್ತದೆ. ಇಲ್ಲವಾದರೆ ತಾಣದಲ್ಲಿ ಕಿತ್ತಳೆ ಬಣ್ಣದ ಒಂದು ಚಿಹ್ನೆಯನ್ನು ಅರಸಬೇಕು: ಮೂಲೆಯಲ್ಲೊಂದು ಚುಕ್ಕೆ, ಅದರಿಂದ ಹೊರಟ ಎರಡು ಕಮಾನುಗಳು. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ಕಟ್ಟಿದ ತಾಣಗಳು ಹೇರಳವಾಗಿವೆ. ಅವುಗಳ ವಿಳಾಸದ ಕೊನೆಗೆ ಒಂದು ಓರೆಗೆರೆ ಎಳೆದು ಇಂಗ್ಲಿಷಿನಲ್ಲಿ ಫೀಡ್ ಎಂದು ಬರೆದರೆ ಸಾಮಾನ್ಯವಾಗಿ ದಾರಿ ತೆರೆಯುತ್ತದೆ.

ಬರಹಕ್ಕೆ ಮಾತ್ರ ಇದು ಸೀಮಿತವಲ್ಲ. ಯೂಟ್ಯೂಬಿನ ಒಂದೊಂದು ವಾಹಿನಿಗೂ ಫೀಡ್ ಉಂಟು. ಯಕ್ಷಗಾನದ ತಾಳಮದ್ದಳೆಯನ್ನು ಏರಿಸುವ ವಾಹಿನಿಯನ್ನು ಪಟ್ಟಿಗೆ ಸೇರಿಸಿದರೆ, ಹೊಸ ಪ್ರಸಂಗ ಬಂದುದು ಮಾತ್ರ ತಿಳಿಯುತ್ತದೆ. ನಡುವಿನ ಆಕರ್ಷಣೆಗಳು ಕಾಡುವುದಿಲ್ಲ. ಪಾಡ್‌ಕಾಸ್ಟ್ ಎಂದು ನಮ್ಮ ತರುಣರು ಕೇಳುವ ಧ್ವನಿಸಂಚಿಕೆಗಳು ಹಂಚಿಕೆಯಾಗುವುದೂ ಆರ್.ಎಸ್.ಎಸ್. ಮೂಲಕವೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಪ್ರತಿಯೊಂದು ಪುಟದ ಬದಲಾವಣೆಯ ಇತಿಹಾಸಕ್ಕೂ ಆಟಮ್ ಫೀಡ್ ಇದೆ. ನಮ್ಮ ಶಾಲೆಯ ಮಕ್ಕಳು ಕಾಸರಗೋಡು, ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಈ ಮೂರು ಪುಟಗಳನ್ನು ಹೀಗೆ ಕಾಯುತ್ತಾರೆ. ಯಾರಾದರೂ ತಪ್ಪು ಇಸವಿಯನ್ನು ಬರೆದರೆ ಅವರಿಗೆ ತಿಳಿಯುತ್ತದೆ. ಗ್ರಂಥವನ್ನು ತೆರೆದು ನೋಡಿ ತಿದ್ದುವುದನ್ನು ಕಲಿಯುತ್ತಾರೆ. ಸ್ಥಳೇತಿಹಾಸವನ್ನು ಕಲಿಸಲು ಇದಕ್ಕಿಂತ ಉತ್ತಮವಾದ ಅಭ್ಯಾಸವನ್ನು ನಾನು ಕಂಡಿಲ್ಲ.

ಗುಣಗಳನ್ನು ಮಾತ್ರ ಹೇಳಿ ದೋಷಗಳನ್ನು ಮುಚ್ಚುವುದು ಉಪಾಧ್ಯಾಯನಿಗೆ ತಕ್ಕುದಲ್ಲ. ಮೊದಲನೆಯದು, ಫೀಡಿನಲ್ಲಿರುವುದು ಇತ್ತೀಚಿನ ಕೆಲವು ಬರಹಗಳು ಮಾತ್ರ. ವರ್ಡ್‌ಪ್ರೆಸ್ಸಿನಲ್ಲಿ ಬೇರೆ ಏರ್ಪಾಡು ಮಾಡದಿದ್ದರೆ ಹತ್ತು; ಯೂಟ್ಯೂಬಿನಲ್ಲಿ ಹದಿನೈದು. ಫೋನಿನೊಳಗೇ ಇರುವ ಓದುಗೆಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೆ ನಡುವಿನವು ಜಾರಿಹೋಗಬಹುದು. ಖಾತೆಯಿರುವ ಓದುಗೆಗಳು ನಾವು ಮಲಗಿದ್ದರೂ ಸಂಗ್ರಹಿಸುತ್ತಿರುತ್ತವೆ. ಪ್ರಕಟಣೆಗಳನ್ನು ಕಾಯುವವರಿಗೆ ಅವೇ ಲೇಸು. ಎರಡನೆಯದು, ಎಲ್ಲ ತಾಣಗಳಲ್ಲಿಯೂ ಫೀಡ್ ಇಲ್ಲ. ಇದ್ದುದನ್ನು ತೆಗೆದವರೂ ಉಂಟು. ಫೈರ್‌ಫಾಕ್ಸ್ ಎಂಬ ಬ್ರೌಸರು ತನ್ನಲ್ಲಿದ್ದ ಫೀಡ್ ಓದುವ ಸೌಕರ್ಯವನ್ನು 2018ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ನನ್ನ ಏಳು ತಾಣಗಳಲ್ಲಿ ಎರಡನ್ನು ಈಗಲೂ ನಾನು ಶನಿವಾರ ತೆರೆದೇ ನೋಡುತ್ತೇನೆ. ಮೂರನೆಯದು ನಮ್ಮ ಆಸೆ. ನಾನು ಮೊದಲ ವಾರದಲ್ಲಿಯೇ ಅರುವತ್ತು ತಾಣಗಳನ್ನು ಸೇರಿಸಿ, ಓದದೆ ಉಳಿದ ಬರಹಗಳು ನಾನೂರಾದಾಗ ಗಾಬರಿಗೊಂಡೆ. ಅತಿಯಾದರೆ ಅಮೃತವೂ ವಿಷವೆಂಬುದು ಸುಳ್ಳಲ್ಲ. ಈಗ ಹದಿನಾಲ್ಕೇ ಇವೆ. ಅವುಗಳಲ್ಲಿ ತಪ್ಪಿಸಬಾರದವು ಒಂದು ಕಟ್ಟು, ಬಿಡುವಿದ್ದಾಗ ಓದತಕ್ಕವು ಇನ್ನೊಂದು ಕಟ್ಟು. ಕೊನೆಯದಾಗಿ, ಫೀಡ್ ತಂದುದೆಲ್ಲವೂ ಸತ್ಯವಲ್ಲ. ಅಂಚೆಯವನು ಪತ್ರವನ್ನು ತರುತ್ತಾನೆ. ಪತ್ರದ ಮಾತಿಗೆ ಅವನು ಹೊಣೆಯಲ್ಲ. ವಿವೇಕವನ್ನು ಯಾವ ಯಂತ್ರವೂ ನಮಗೆ ಊಡಿಸಲಾರದು.

ಬಂಧುಗಳೇ, ಸಂಘದ ಮುಂದೆ ಮೂರು ಬಿನ್ನಹಗಳನ್ನಿಟ್ಟು ಮುಗಿಸುತ್ತೇನೆ. ಸಂಘವು ತನ್ನದೊಂದು ಜಾಲತಾಣವನ್ನು ತೆರೆಯುವ ಆಲೋಚನೆಯಲ್ಲಿದೆಯೆಂದು ಕೇಳಿದ್ದೇನೆ. ಅದರಲ್ಲಿ ಫೀಡ್ ಖಂಡಿತ ಇರಲಿ, ಸಾರಾಂಶವಲ್ಲ, ಪೂರ್ಣಪಾಠವಿರಲಿ. ಕೊಲ್ಲಿಯ ನಾಡುಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳು ಊರಿನ ವಾರ್ತೆಯನ್ನು ರಾತ್ರಿ ಊಟದ ಹೊತ್ತಿಗೆ ಓದುವಂತಾಗಲಿ. ಎರಡನೆಯದಾಗಿ, ನಮ್ಮ ಮಕ್ಕಳಿಗೆ ಸಂಬಂಧಿಸಿದ ಪ್ರಕಟಣೆಗಳನ್ನು ಹೊರಡಿಸುವ ಕಚೇರಿಗಳಿಗೆ, ಅವು ಕನ್ನಡದಲ್ಲಿಯೂ ಇರಲೆಂದು, ಫೀಡಿನಲ್ಲಿಯೂ ಬರಲೆಂದು ವಿನಯಪೂರ್ವಕವಾಗಿ ಬರೆಯೋಣ. ಮೂರನೆಯದಾಗಿ, ಪ್ರತಿಯೊಂದು ಕನ್ನಡ ಶಾಲೆಯಲ್ಲಿಯೂ ಇಬ್ಬರು ಮಕ್ಕಳನ್ನು 'ವಾರ್ತಾಪಾಲಕ'ರನ್ನಾಗಿ ನೇಮಿಸೋಣ. ಬೆಳಗ್ಗೆ ಹತ್ತು ನಿಮಿಷ ಓದುಗೆಯನ್ನು ನೋಡಿ, ಬೇಕಾದುದನ್ನು ಸೂಚನಾಫಲಕದಲ್ಲಿ ಕನ್ನಡದಲ್ಲಿ ಬರೆಯುವುದು ಅವರ ಕೆಲಸ. ಫೋನಿಲ್ಲದ ಮನೆಯ ಮಗುವಿಗೂ ಆಗ ವಾರ್ತೆ ತಲಪುತ್ತದೆ.

ನಮ್ಮ ಶಾಲೆಯಲ್ಲಿ ಇದು ನಡೆಯುತ್ತಿದೆ. ಆ ಹುಡುಗಿಯ ಸಂಗತಿ ನಡೆದ ಮರುವರ್ಷ ಅದೇ ಪ್ರಕಟಣೆ ಹೊರಟ ದಿನವೇ ನಮ್ಮ ಫಲಕವನ್ನೇರಿತು. ಹನ್ನೊಂದು ಮಂದಿ ಮಕ್ಕಳು ಅರ್ಜಿ ಹಾಕಿದರು. ನಾಲ್ವರಿಗೆ ವೇತನ ದೊರೆಯಿತು. ಅವಳು ಅಷ್ಟರಲ್ಲಿ ತರಗತಿ ದಾಟಿದ್ದುದರಿಂದ ಅವಳಿಗೆ ಅದು ಒದಗಲಿಲ್ಲ. ಆದರೆ ಆ ದಿನ ಸಂಜೆ ಅವಳೇ ಶಾಲೆಗೆ ಬಂದಳು. ಮಲೆಯಾಳದಲ್ಲಿದ್ದ ಅರ್ಜಿಯ ನಮೂನೆಯನ್ನು ಕಿರಿಯ ಮಕ್ಕಳಿಗೆ ಕನ್ನಡದಲ್ಲಿ ವಿವರಿಸಿ, ಕತ್ತಲಾಗುವವರೆಗೆ ಕುಳಿತು ತುಂಬಿಸಿಕೊಟ್ಟಳು. ಅವಳೊಡನೆ ಮಾತಾಡಲು ನನಗೆ ಬಾಯಿ ಬರಲಿಲ್ಲ. ಹೋಗುವಾಗ ಅವಳೇ, "ಮಾಷ್ಟ್ರೇ, ಆ ಓದುಗೆಯನ್ನು ನನ್ನ ಅಮ್ಮನ ಫೋನಿಗೂ ಹಾಕಿಕೊಡಿ" ಎಂದಳು. ಹಾಕಿಕೊಟ್ಟೆ.